ಕಡಾಯಿಗೆ ಹಿಂದು ಮುಂದು ಇಲ್ಲ

ಮೊನ್ನೆ ಐಗಳಿಯ ನಮ್ಮ ಮನೆಯ ಅಂಗಳದ ಹಗ್ಗದ ಮೇಲೆ, ಅತ್ತೆಯವರ ಬಿಳಿ ಸೀರೆಗೂ ನಮ್ಮವರ ಬನಿಯನ್ನಿಗೂ ನಡುವೆ, ಕಿತ್ತಳೆ ಬಣ್ಣದ ಜಾಕೀಟೊಂದು ಒಣಗುತ್ತಿತ್ತು. ಹೊಟ್ಟೆಗೂ ಬೆನ್ನಿಗೂ ಗಾದಿ ಕಟ್ಟಿಕೊಂಡಂತೆ ದಪ್ಪಗೆ ಇತ್ತು. ದಾರಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ನಿಂತು ನೋಡಿದರು. ದ್ರಾಕ್ಷಿ ಬೆಳೆಯುವ ಊರು ನಮ್ಮದು. ಔಷಧ ಹೊಡೆಯಲು ಹೊಸ ನಮೂನೆಯ ಅಂಗಿ ಬಂದಿದೆ ಎಂದುಕೊಂಡ ಪಕ್ಕದ ತೋಟದ ಶಾಂತವ್ವ ಒಳಗೇ ಬಂದು ಅದನ್ನು ಹಿಚುಕಿ ನೋಡಿದಳು.

"ವೈನೀ, ಇದನ್ನ ಹಾಕ್ಕೊಂಡ್ರ ಔಷಧದ ವಾಸನಿ ಬಡಿಯೂದಿಲ್ಲೇನ್ರಿ? ಎಲ್ಲಿ ತಂದ್ರಿ?"

"ಅದು ಔಷಧದ್ದಲ್ಲ ಶಾಂತವ್ವ. ನೀರಾಗ ಮುಳಗಬಾರದಂತ ಹಾಕ್ಕೊಳ್ಳೂದು."

ಅವಳು ಸುತ್ತಲೂ ಕಣ್ಣಾಡಿಸಿದಳು. ಬಳ್ಳಿಗಳ ಬುಡಕ್ಕೆ ಹನಿ ಹನಿ ನೀರು ಕೊಡುವ ಕಪ್ಪು ಪೈಪು, ಮೂಲೆಯಲ್ಲಿ ಟ್ಯಾಂಕರಿನವನು ತುಂಬಿಸಿ ಹೋದ ಟಾಕಿ. ಅಷ್ಟು ಬಿಟ್ಟರೆ ಅಂಗಳದ ತುಂಬ ಬಿಸಿಲು.

"ಎಲ್ಲಿ ಮುಳಗೋರ್ರಿ? ಈ ಟಾಕ್ಯಾಗೇನ?"

ಏನು ಹೇಳಲಿ? ನಂಬಿಸುವ ವಿಷಯದಲ್ಲಿ ನನಗೆ ಹಳೆಯ ಪೆಟ್ಟು ಬಿದ್ದಿದೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ನಮ್ಮವರು ಕೆಮ್ಮಿದರು. ಅವರು ಏನು ಹೇಳಿದರು ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ನೀವು ಕಡಾಯಿಯ ಕಥೆ ಕೇಳಬೇಕು.

ನಾನು ಹುಟ್ಟಿದ್ದು ಸದಲಗಾದಲ್ಲಿ, ದೂಧಗಂಗೆಯ ಬದಿಗೆ. ಹೊಳೆಸಾಲಿನ ಮಕ್ಕಳಿಗೆ ಒಂದು ಸೊಕ್ಕು ಇರುತ್ತದೆ, ನೋಡಿ. ನೀರಿಲ್ಲದ ಊರಿನವರನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತದೆ. ನಾನಂತೂ ಆ ಸೊಕ್ಕಿನಲ್ಲಿ ಒಂದು ಕೈ ಮೇಲೆಯೇ. ಈಜು ಕಲಿತದ್ದು ಯಾವಾಗ ಎಂದು ಕೇಳಿದರೆ ನೆನಪಿಲ್ಲ. ನಡೆಯಲು ಕಲಿತದ್ದು ಯಾರಿಗೆ ನೆನಪಿರುತ್ತದೆ? ನೆನಪಿರುವುದು ಸೊಂಟಕ್ಕೆ ಕಟ್ಟುತ್ತಿದ್ದ ಒಣ ಸೋರೆ ಬುರುಡೆ, ಅದರ ಹಗ್ಗ ಒತ್ತಿ ಹೊಟ್ಟೆಯ ಮೇಲೆ ಮೂಡುತ್ತಿದ್ದ ಕೆಂಪು ಗೆರೆ, ಮತ್ತು ಮನೆಗೆ ಹೋದ ಮೇಲೆ ಒದ್ದೆ ಲಂಗಕ್ಕಾಗಿ ಅವ್ವ ಕೊಡುತ್ತಿದ್ದ ಏಟು. ಬುರುಡೆ ಕಟ್ಟಿಕೊಂಡವರು ಸಣ್ಣವರು, ಬಿಚ್ಚಿ ಒಗೆದವರು ದೊಡ್ಡವರು. ಮುಂಜಿಯಂತೆ, ಮದುವೆಯಂತೆ ಅದೂ ಒಂದು ಘಟ್ಟ. ನಾನು ಬಿಚ್ಚಿ ಒಗೆದ ದಿನ ನಮ್ಮ ಅಜ್ಜ ಬೆಲ್ಲದ ಹೆಂಟೆ ಕೊಟ್ಟಿದ್ದ.

ಬೆಲ್ಲಕ್ಕೆ ನಮ್ಮಲ್ಲಿ ಕೊರತೆ ಇರಲಿಲ್ಲ. ತೋಟದಲ್ಲೇ ಗಾಣವಿತ್ತು, ಗಾಣದಲ್ಲಿ ಕಡಾಯಿ ಇತ್ತು. ಕಬ್ಬಿನ ಸೀಮೆಯವರಿಗೆ ಕಡಾಯಿ ಎಂದರೆ ಸಾಕು. ಉಳಿದವರಿಗೆ ಹೇಳುತ್ತೇನೆ: ಕಬ್ಬಿನ ಹಾಲು ಕುದಿಸುವ ಕಬ್ಬಿಣದ ಪಾತ್ರೆ, ದುಂಡಗೆ, ತಳ ಸಪಾಟಾಗಿ, ಮನೆಮಂದಿಯೆಲ್ಲ ಒಳಗೆ ಕುಳಿತು ಊಟ ಮಾಡಬಹುದಾದಷ್ಟು ಅಗಲ. ಮಳೆಗಾಲದಲ್ಲಿ ಗಾಣ ಬಂದ್ ಆಗುತ್ತದೆ, ಕಡಾಯಿ ಬೋರಲು ಬಿದ್ದಿರುತ್ತದೆ. ಹೊಳೆ ಏರಿ ತೋಟದ ದಾರಿ ಮುಚ್ಚಿತೆಂದರೆ ಅದನ್ನೇ ಅಂಗಾತ ಮಾಡಿ ನೀರಿಗೆ ಬಿಡುವುದು. ಹಾಲಿನ ಕ್ಯಾನು, ಹಿಟ್ಟಿನ ಚೀಲ, ಬಾಣಂತಿ, ಮುದುಕರು ಎಲ್ಲರೂ ಅದರಲ್ಲೇ ಊರು ಮುಟ್ಟುತ್ತಿದ್ದರು. ನಮ್ಮ ಕಡೆ ಇದು ವಿಶೇಷವೇ ಅಲ್ಲ.

ಆದರೆ ನಡೆಸುವುದು ಸುಲಭವಲ್ಲ. ಬೆಲ್ಲ ತಿರುವುವ ಉದ್ದ ಕೋಲಿನ ಹಲಗೆಯಿಂದ ಒಂದು ಮಗ್ಗುಲಿಗೆ ನೀರು ತಳ್ಳಿದರೆ ಗಿರ್ರನೆ ತಿರುಗಿ ನಿಮ್ಮ ಮುಖವನ್ನು ಬಂದ ದಾರಿಗೇ ಮಾಡಿಬಿಡುತ್ತದೆ. ಹೆದರಿ ಅಂಚು ಹಿಡಿದರೆ ಮುಗಿಯಿತು, ಭಾರ ಒಂದೇ ಕಡೆ ಬಿದ್ದು ನೀರು ಒಳಗೆ ಬರುತ್ತದೆ. ಅಜ್ಜ ನನಗೆ ಕಲಿಸಿದ್ದು ಇಷ್ಟೇ:

"ನಡುವ ಕುಂಡ್ರು. ಅಂಚ ಮುಟ್ಟಬ್ಯಾಡ. ತಿರಗಿದ್ರ ತಿರಗಲಿ, ಅಂಜಬ್ಯಾಡ. ಕಡಾಯಿಗೆ ಹಿಂದಿಲ್ಲ, ಮುಂದಿಲ್ಲ. ನೀ ಎಲ್ಲಿಗೆ ಹೋಗಾಕತ್ತಿ ಅನ್ನೂದು ನಿನಗ ಗೊತ್ತಿದ್ರ ಸಾಕು."

ನನಗೆ ಹನ್ನೆರಡು ತುಂಬಿದ ವರ್ಷ ಹೊಳೆ ತೋಟದ ಮನೆಯ ಕಟ್ಟೆಗೇ ಬಂತು. ಎಲ್ಲರೂ ಊರು ಸೇರಿದರೂ ಅಜ್ಜ, ಅಜ್ಜಿ ಮತ್ತು ಹಟಹಿಡಿದು ಉಳಿದ ನಾನು ತೋಟದಲ್ಲೇ ಇದ್ದೆವು. ಕಾರಣ, ಒಂದು ಎಮ್ಮೆ ಈಯುವುದಿತ್ತು. ಸುತ್ತಲೂ ನೀರು ತುಂಬಿರುವಾಗ ಪುಣ್ಯಾತ್ಗಿತ್ತಿ ಈದಳು. ಎಮ್ಮೆ ಈಜುತ್ತದೆ, ಈಗಷ್ಟೇ ಹುಟ್ಟಿದ ಕರು ಈಜುವುದಿಲ್ಲ. ಕರು ಕಡಾಯಿಯಲ್ಲಿದ್ದರೆ ತಾಯಿ ತಾನಾಗಿ ಹಿಂದೆ ಬರುತ್ತಾಳೆ. ಆದರೆ ಹೆದರಿದ ಎಮ್ಮೆಯ ಜೊತೆಗೆ ಯಾರಾದರೂ ನೀರಿನಲ್ಲಿ ಇರಬೇಕು, ಅದು ಅಜ್ಜ. ಕರುವನ್ನು ತೆಕ್ಕೆಯಲ್ಲಿ ಹಿಡಿದು ಕೂಡಬೇಕು, ಅದು ಅಜ್ಜಿ. ಕಡಾಯಿ ನಡೆಸಬೇಕಾದವರು ಯಾರು? ಉಳಿದವಳು ನಾನೊಬ್ಬಳೇ.

ನಡೆಸಿದೆ. ಕಬ್ಬಿನ ತುದಿಗಳ ನಡುವೆ, ಮುಳುಗಿದ ಜಾಲಿಗಿಡಗಳ ಪಕ್ಕದಲ್ಲಿ, ಒಮ್ಮೆ ಊರಿನ ಕಡೆ ಮುಖ ಮಾಡಿ, ಒಮ್ಮೆ ತೋಟದ ಕಡೆ ಮುಖ ಮಾಡಿ ನಡೆಸಿದೆ. ಅಜ್ಜಿ ಕಣ್ಣು ಮುಚ್ಚಿ ನಮ್ಮ ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದಳು. ಕರುವಿಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ. ಹಾಲೆಂದು ತಿಳಿಯಿತೋ ಏನೋ, ನನ್ನ ಹೆರಳಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಚೀಪುತ್ತ ಬಂತು. ಊರ ಅಗಸಿ ಬಾಗಿಲಿನ ಮೆಟ್ಟಿಲಿಗೆ ಕಡಾಯಿ ಢಣ್ ಎಂದು ಬಡಿದಾಗ ಜನ ಓಡಿ ಬಂದರು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನನ್ನ ಆಯುಷ್ಯದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅದೇ ಎಂದು ಆಗಲೇ ತೀರ್ಮಾನಿಸಿದ್ದೆ.

ಮುಂದೆ ನನ್ನನ್ನು ಕೊಟ್ಟದ್ದು ಐಗಳಿಗೆ. ಒಳ್ಳೆಯ ಮನೆತನ, ದ್ರಾಕ್ಷಿಯ ಹೊಲ, ಬೈಯದ ಅತ್ತೆ, ಕುಡಿಯದ ಗಂಡ. ಇಲ್ಲದ್ದು ಹೊಳೆ ಒಂದೇ. ಹೊಸದಾಗಿ ಬಂದಾಗ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹೆಂಗಸರೆಲ್ಲ ಕಾಳು ಆರಿಸುತ್ತ ಕುಳಿತಿದ್ದಾಗ, ತವರಿನ ಮಾತು ಬಂತೆಂದು, ಸಹಜವಾಗಿ ನನ್ನ ದೊಡ್ಡ ಕೆಲಸವನ್ನು ಹೇಳಿದೆ. ಎಲ್ಲರೂ ನಕ್ಕರು ನೋಡಿ, ತಟ್ಟೆಯಲ್ಲಿದ್ದ ದ್ರಾಕ್ಷಿ ನೆಲಕ್ಕೆ ಚೆಲ್ಲಿತು.

"ಕಬ್ಬಿಣದ ಕಡಾಯಿ ತೇಲತೈತ್ಯಾ? ಯಾರ ಮುಂದ ಹೇಳ್ತಿ ತಂಗಿ!"

ಅಂದಿನಿಂದ ನಮ್ಮ ಮನೆಯಲ್ಲೂ ಅಕ್ಕಪಕ್ಕದ ತೋಟಗಳಲ್ಲೂ ಯಾರಾದರೂ ಉತ್ಪ್ರೇಕ್ಷೆ ಮಾಡಿದರೆ ಅದು "ಕಡಾಯಿ ಮಾತು" ಆಯಿತು. ಮಾವನವರು ಇಸ್ಪೀಟಿನಲ್ಲಿ ಗೆದ್ದೆ ಎಂದರೆ ಕಡಾಯಿ ಮಾತು, ವ್ಯಾಪಾರಿ ಹೆಚ್ಚಿನ ದರ ಹೇಳಿದರೆ ಕಡಾಯಿ ಮಾತು. ಎಲ್ಲರಿಗಿಂತ ಹೆಚ್ಚು ಆ ಮಾತನ್ನು ಆಡುತ್ತಿದ್ದವರು ನಮ್ಮವರು. ಒಂದು ಮಧ್ಯಾಹ್ನ ಅವರೊಬ್ಬರಿಗೇ ಎಲ್ಲವನ್ನೂ, ಕರು ಹೆರಳು ಚೀಪಿದ್ದರ ಸಮೇತ, ನಿಧಾನವಾಗಿ ಬಿಡಿಸಿ ಹೇಳಿದ್ದೆ. ಗಂಡನಾದರೂ ನಂಬಲಿ ಎಂಬ ಆಸೆ. ಅವರು ಉಂಡು, ಕಣ್ಣು ಮುಚ್ಚಿ ಅಡ್ಡಾಗಿದ್ದರು. ಅರ್ಧಕ್ಕೇ ನಿದ್ದೆ ಹತ್ತಿದೆ ಎಂದು ಅನ್ನಿಸಿದ ಮೇಲೆ ನನ್ನ ಪಾಡಿಗೆ ಹೇಳಿ ಮುಗಿಸಿ ಎದ್ದು ಹೋದೆ.

ಸಾಕ್ಷಿ ತರೋಣವೆಂದರೆ ಅಜ್ಜ ಇಲ್ಲ, ಅಜ್ಜಿ ಇಲ್ಲ. ನಮ್ಮಣ್ಣ ಆಗ ಕೊಲ್ಹಾಪುರದಲ್ಲಿ ಓದುತ್ತಿದ್ದ. "ನಾ ಕೇಳೇನಿ, ನೋಡಿಲ್ಲ" ಎಂದು ವಕೀಲರ ಹಾಗೆ ಮಾತಾಡುತ್ತಾನೆ. ಕರು ಬೆಳೆದು, ಈದು, ಮುದುಕಿಯಾಗಿ ಹೋಯಿತು. ಕಡಾಯಿ ಗುಜರಿಗೆ ಹೋಯಿತು. ನಕ್ಕವರ ಜೊತೆಗೆ ನಾನೂ ನಗುವುದನ್ನು ಕಲಿತೆ. ಆದರೂ ಹೇಳುತ್ತೇನೆ, ಅದು ನೋಯುತ್ತಿತ್ತು. ನಾನು ಮಾಡಿದ ಬೇರೆ ಯಾವುದನ್ನೂ ಯಾರೂ ಅನುಮಾನಿಸಲಿಲ್ಲ; ಹೋಳಿಗೆ ಮೆಚ್ಚಿದರು, ಹೆರಿಗೆ ಮೆಚ್ಚಿದರು. ನಾನೇ ಮೆಚ್ಚಿಕೊಂಡ ಒಂದೇ ಒಂದು ಕೆಲಸ ಮಾತ್ರ ಸುಳ್ಳಾಗಿ ಉಳಿಯಿತು.

ಇನ್ನು ಮಗಳ ಮಾತು. ನಮ್ಮ ತ್ರಿಶಲಾ ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಐಗಳಿಯಲ್ಲಿ ಹುಟ್ಟಿದವಳು ಬಕೆಟ್ ನೀರಿನಲ್ಲೇ ಬೆಳೆದಳು. ಆದರೂ ರಕ್ತ ಎಲ್ಲಿಗೆ ಹೋಗುತ್ತದೆ? ರಜೆಯಲ್ಲಿ ಎಲ್ಲೋ ಹೋಗಿ ಕಯಾಕ್ ಎಂಬ ಒಬ್ಬರೇ ಕೂಡುವ ಸಣ್ಣ ದೋಣಿ ನಡೆಸುವುದನ್ನು ಕಲಿತು ಬಂದಳು. ಅದೂ ಕೆರೆಯಲ್ಲಲ್ಲ, ಬಂಡೆಗಳ ಮೇಲಿಂದ ಧುಮುಕುವ ಹೊಳೆಯಲ್ಲಿ. ಈಗ ಮಳೆಗಾಲದ ಕೊನೆಗೆ ಘಟ್ಟದಲ್ಲಿ ನಡೆಯುವ ಶಿಬಿರದಲ್ಲಿ ಬೇರೆಯವರಿಗೆ ಕಲಿಸುತ್ತಾಳೆ. ಈ ವರ್ಷ, ದ್ರಾಕ್ಷಿಬಳ್ಳಿ ಕತ್ತರಿಸುವ ಕೆಲಸ ಶುರುವಾಗುವ ಮೊದಲು, "ಒಮ್ಮೆ ಬಂದ ನೋಡ್ರಿ, ನಾ ಏನ್ ಮಾಡ್ತೀನಿ ಅಂತ" ಎಂದು ನಮ್ಮಿಬ್ಬರನ್ನೂ ಕರೆದಳು.

ನಿಪ್ಪಾಣಿ ದಾಟಿ ಪಡುವಣಕ್ಕೆ ಏರುತ್ತ ಹೋದರೆ ದಾರಿಯಲ್ಲಿ ಮೊದಲು ತಂಬಾಕಿನ ವಾಸನೆ, ಆಮೇಲೆ ಹಸಿ ಎಲೆಯ ವಾಸನೆ. ಆ ಹೊಳೆಯನ್ನು ಕಂಡಾಗ ಹೊಳೆ ಎನ್ನಲು ನನಗೆ ಮನಸ್ಸು ಬರಲಿಲ್ಲ. ನಮ್ಮ ದೂಧಗಂಗೆ ಅಗಲವಾಗಿ, ಅವಸರವಿಲ್ಲದೆ ಹರಿಯುವವಳು. ಇದು ಎರಡು ಕರಿಬಂಡೆಗಳ ಗೋಡೆಯ ನಡುವೆ, ಚಕ್ಕಡಿ ಅಡ್ಡ ನಿಂತರೆ ಸಿಕ್ಕಿಬೀಳುವಷ್ಟು ಇಕ್ಕಟ್ಟಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತಿತ್ತು. ಕಡೆಯುವಾಗಿನ ಮಜ್ಜಿಗೆಯಂತೆ ನೀರೆಲ್ಲ ಬೆಳ್ಳಗೆ ನೊರೆ. ಇದೇ ನೀರು ಕೆಳಗಿಳಿದು ಕೊನೆಗೆ ದೂಧಗಂಗೆಯನ್ನೇ ಕೂಡುತ್ತದೆ ಎಂದು ಮಗಳು ಹೇಳಿದ ಮೇಲೆ ಸ್ವಲ್ಪ ಗೌರವ ಬಂತು. ತವರಿನ ಕಡೆಯವಳು ಎಂದಾಯಿತಲ್ಲ.

ಮರುದಿನ ಬೆಳಿಗ್ಗೆ ತ್ರಿಶಲಾ ಮೇಲಿನ ಕಂದರದಿಂದ ಇಳಿದು ಬಂದಳು. ಅದನ್ನು ಹೇಗೆ ಹೇಳಲಿ? ಕೆಂಪು ದೋಣಿ ಬಂಡೆಯ ತುದಿಗೆ ಬಂದು ಕ್ಷಣ ನಿಂತಂತಾಗಿ ನೊರೆಯೊಳಗೆ ಮಾಯವಾಯಿತು. ಅಷ್ಟರಲ್ಲಿ ಅವಳು ಆ ಕಡೆಯಿಂದ ಮೇಲೆದ್ದು, ಮುಖದ ನೀರು ಒರೆಸಿಕೊಂಡು, ಎರಡು ಸಲ ಹುಟ್ಟು ಹಾಕಿ ಮುಂದಿನ ಮೆಟ್ಟಿಲಿಗೆ ತಿರುಗಿಬಿಟ್ಟಿದ್ದಳು. ದಂಡೆಯಲ್ಲಿ ನಿಂತಿದ್ದವರ ಕಡೆ ತಿರುಗಿ ನಾನು ಜೋರಾಗಿ ಹೇಳಿದೆ, "ಆಕಿ ನನ್ನ ಮಗಳ್ರಿ!" ನೀರಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ ಮತ್ತೆ ಹೇಳಿ ಬಂದೆ.

ಚಹಾದ ಹೊತ್ತಿಗೆ ಶಿಬಿರದವರೆಲ್ಲ ಸುತ್ತ ಕುಳಿತಿದ್ದಾಗ ಒಬ್ಬ ಹೆಣ್ಣುಮಗಳು, "ಇಷ್ಟು ಧೈರ್ಯ ಯಾರಿಂದ ಬಂತು ಟೀಚರಿಗೆ?" ಎಂದು ಕೇಳಿದಳು. ನಮ್ಮವರು ಕೂಡಲೇ ಮುಂದಾದರು.

"ಮತ್ತ್ಯಾರಿಂದ? ಅವರವ್ವನಿಂದ. ನಮ್ಮ ಮನಿಯಾಕಿ ಸಣ್ಣಾಕಿದ್ದಾಗ ಬೆಲ್ಲದ ಕಡಾಯ್ಯಾಗ ಕುಂತ ಹೊಳಿ ದಾಟ್ಯಾಳ್ರಿ!" ಎಂದು ಹೇಳಿ ಕಣ್ಣು ಹೊಡೆದರು. ಎಲ್ಲರೂ ನಕ್ಕರು.

ಎಲ್ಲರ ಜೊತೆ ನಗುವುದು ನನಗೆ ರೂಢಿಯೇ. ಆದರೆ ಅವತ್ತು ಬಾಯಿ ತೆರೆದರೆ ನಗು ಬರಲಿಲ್ಲ, ಬೇರೆಯೇ ಬಂತು.

"ತ್ರಿಶಲಾ, ನನಗೊಂದ ಜಾಕೀಟ ಕೊಡ."

ಗಂಡ ಅಂದರು, "ಏ, ಹುಚ್ಚಿ ಅದಿಯೇನ? ಚ್ಯಾಷ್ಟಿ ಮಾಡಿದ್ನಿ." ನಾನಂದೆ, "ನಾ ಮಾಡಾಕತ್ತಿಲ್ಲ."

ಅಡಿಗೆಮನೆಯಲ್ಲಿ ನನ್ನ ಮಾತಿಗೆ ಎದುರಾಡುವ ಮಗಳು ಅಲ್ಲಿ ಗುರುವಿನಂತೆ ಮಾತಾಡಿದಳು. ಮೇಲಿನ ಕಂದರ ಬೇಡವೇ ಬೇಡ. ಕೆಳಗಿನ ತುಂಡಿನಲ್ಲಿ ಮೂರು ಸಣ್ಣ ಮೆಟ್ಟಿಲಿವೆ, ಹೊಸಬರನ್ನು ಕೊನೆಯ ದಿನ ಅಲ್ಲಿಗೇ ಇಳಿಸುವುದು. ಅದೂ ಗಾಳಿ ತುಂಬಿದ ರಬ್ಬರಿನ ಕಯಾಕಿನಲ್ಲಿ. ಮೊದಲು ಮಡುವಿನಲ್ಲಿ ಬೇಕೆಂತಲೇ ಮಗುಚಿ ಬಿದ್ದು, ನೀನೇ ಮತ್ತೆ ಹತ್ತಿ ತೋರಿಸಬೇಕು. ನಾನು ಒಪ್ಪಿದೆ.

ಮದುವೆಯಾದ ಮೇಲೆ ಮನೆಯ ಹೊರಗೆ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ ನಾನು. ಮಗಳ ಪ್ಯಾಂಟು ಹಾಕಿಕೊಂಡು, ಜಾಕೀಟು ಬಿಗಿದು, ತಲೆಗೆ ಬಿಂದಿಗೆ ಬೋರಲು ಹಾಕಿದಂಥ ಶಿರಸ್ತ್ರಾಣ ಇಟ್ಟುಕೊಂಡು ನಿಂತಾಗ ನಮ್ಮವರು ನನ್ನನ್ನು ಗುರುತಿಸದೆ ಪಕ್ಕದಿಂದ ಹಾದುಹೋದರು. ಮಡುವಿನಲ್ಲಿ ಬಿದ್ದೆ, ಹತ್ತಿದೆ. ಮತ್ತೆ ಬಿದ್ದೆ, ಮತ್ತೆ ಹತ್ತಿದೆ. ಮೊಣಕೈ ತರಚಿತು. ನೀರು ಮಾತ್ರ ನನ್ನನ್ನು ಮರೆತಿರಲಿಲ್ಲ. ಸೊಂಟದಲ್ಲಿ ಆ ಹಳೆಯ ಬುರುಡೆಯ ಹಗ್ಗ ಬಿಗಿದಂತೆಯೇ ಆಯಿತು.

ಕೊನೆಯ ದಿನ ಬಂತು. ಹೊಸ ಹೊಳೆಗೆ ಉಡಿ ತುಂಬದೆ ಇಳಿಯುವ ಪದ್ಧತಿ ನಮ್ಮಲ್ಲಿಲ್ಲ. ಚೀಲದಲ್ಲಿ ಖಣ ಇತ್ತು, ಆದರೆ ಬಟ್ಟೆ ಬಂಡೆಯಲ್ಲಿ ಸಿಕ್ಕಿಕೊಂಡರೆ ಯಾರದಾದರೂ ಕಾಲಿಗೆ ತೊಡಕು ಎಂದು ಮಗಳು ಬೇಡವೆಂದಳು. ಅರಿಶಿನ, ಕುಂಕುಮ ಹಾಕಿ, ಒಂದು ಹಿಡಿ ಅಕ್ಕಿಯ ಜೊತೆ ನಮ್ಮ ತೋಟದ ಒಣದ್ರಾಕ್ಷಿ ಬಿಟ್ಟೆ. "ತಾಯೀ, ಐಗಳಿಯಿಂದ ಇದಕ್ಕಿಂತ ಹೆಚ್ಚಿಂದ ತರಾಕ ಆಗಲಿಲ್ಲ" ಎಂದೆ. ನಮ್ಮವರು ಮೊದಲ ಮೆಟ್ಟಿಲ ಪಕ್ಕದ ಬಂಡೆಯ ಮೇಲೆ ನಿಂತಿದ್ದರು. ಮಗಳು ಕೆಳಗಿನ ಮಡುವಿನಲ್ಲಿ ತನ್ನ ದೋಣಿಯಲ್ಲಿ ಕಾಯುತ್ತಿದ್ದಳು. ದಂಡೆಯಲ್ಲಿ ಇಬ್ಬರು ಹಗ್ಗ ಹಿಡಿದು ಸಿದ್ಧರಿದ್ದರು. ಮಗಳು ಹೇಳಿ ಕಳಿಸಿದ್ದು ಒಂದೇ ಮಾತು: "ಅವ್ವಾ, ಮೂತಿ ಮುಂದ ಇರಬೇಕ. ದೋಣಿ ಅಡ್ಡ ಆಗಬಾರದು."

ಹೊರಟೆ. ಮೊದಲನೆಯ ಮೆಟ್ಟಿಲು ಬರುವುದಕ್ಕೆ ಮುಂಚೆಯೇ ನೀರು ದೋಣಿಯನ್ನು ಎಡಕ್ಕೆ ಎಳೆಯಿತು. ಎಡಕ್ಕೆ ಎಳೆದರೆ ಮಗಳು ಹೇಳಿದಂತೆ ಹುಟ್ಟು ಜಗ್ಗಿ ನೇರ ಮಾಡಬೇಕು. ಆದರೆ ಕೈ ಕೇಳಿದ್ದು ಮಗಳ ಮಾತನ್ನಲ್ಲ, ಅಜ್ಜನದನ್ನು. ತಿರುಗಿದರೆ ತಿರುಗಲಿ ಎಂದು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು, ನಡುವೆ ಸರಿದು, ಕಾಲು ಮಡಚಿ ಕುಳಿತುಬಿಟ್ಟೆ. ಕಯಾಕಿಗೆ ಹಿಂದು ಮುಂದು ಇರುತ್ತದೆ ಎನ್ನುವುದು ಆ ಹೊತ್ತಿಗೆ ನನ್ನ ತಲೆಯಿಂದ ಹಾರಿಹೋಗಿತ್ತು. ದೋಣಿ ಪೂರ್ತಿ ತಿರುಗಿತು. ನಾನು ಬೆನ್ನು ಮುಂದೆ ಮಾಡಿಕೊಂಡು, ಬಂದ ದಾರಿಗೆ ಮುಖ ಮಾಡಿಕೊಂಡು ಮೊದಲ ಮೆಟ್ಟಿಲಿಂದ ಕೆಳಗಿಳಿದೆ.

ಹಾಗಾಗಿ ಬೇರೆ ಯಾರಿಗೂ ನೋಡಲಾಗದ್ದನ್ನು ನಾನು ನೋಡಿದೆ. ಬಂಡೆಯ ಮೇಲೆ ನಮ್ಮವರು ಕೈ ಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದರು. ತುಟಿ ಅಲುಗುತ್ತಿತ್ತು. ಯಾರಿಗೆ ತೋರಿಸಬೇಕೆಂದು ಹೊರಟೆನೋ ಆ ಮನುಷ್ಯ ನೋಡುತ್ತಲೇ ಇರಲಿಲ್ಲ! ಸಿಟ್ಟಿಗೆ "ಕಣ್ಣ ತಗೀರಿ!" ಎಂದು ಒದರಿದೆ. ಬಾಯಿ ತೆರೆದ ಕೂಡಲೇ ಎರಡನೆಯ ಮೆಟ್ಟಿಲು ಬಂತು, ಹೊಳೆಯ ಅರ್ಧ ಒಳಗೆ ಹೋಯಿತು. ಮೂರನೆಯದಕ್ಕೆ ಮೊದಲು ಹೇಗೋ ಒಮ್ಮೆ ಹುಟ್ಟು ಹಾಕಿ ಮುಖ ತಿರುಗಿಸಿ, ಮೂತಿ ಮುಂದೆ ಮಾಡಿ ಧುಮುಕಿದೆ. ಮಡುವಿನಲ್ಲಿ ದೋಣಿ ಸುಮ್ಮನೆ ತೇಲಿತು. ನಾನು ಅದರೊಳಗೇ ಕುಳಿತಿದ್ದೆ.

ಚಪ್ಪಾಳೆ ಹೊಡೆದರು, ಸೀಟಿ ಹಾಕಿದರು. ತ್ರಿಶಲಾ ಮಾತ್ರ ತನ್ನ ದೋಣಿಯನ್ನು ನನ್ನದಕ್ಕೆ ತಾಗಿಸಿ ಸುಮ್ಮನೆ ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಉಲ್ಟಾ ಇಳಿದದ್ದು ತಪ್ಪೇ ತಾನೆ?

"ಅವ್ವಾ, ದೋಣಿ ತಿರಗಿದ ಕೂಡಲೆ ಎಲ್ಲಾರೂ ಅಂಚ ಹಿಡೀತಾರ. ಎಷ್ಟ ಹೇಳಿದ್ರೂ ಹಿಡೀತಾರ. ನಾನೂ ಮೊದಲ ಹಿಡಿದಿದ್ದೆ. ನೀ ಮುಟ್ಟಲೇ ಇಲ್ಲ. ನಡುವ ಸರದ ಕುಂತಿ." ಅವಳ ದನಿ ಇಳಿಯಿತು. "ನಾ ಹಿಂಗ ಕುಂಡ್ರೂದ ಕಲಿಸಿಲ್ಲ. ಇದು ದುಂಡಂದು ನಡಿಸಿದವರು ಕುಂಡ್ರೂ ರೀತಿ. ಕಡಾಯಿ ಖರೇನ ಇತ್ತು, ಹೌದಿಲ್ಲೊ?"

ಮುಖದ ಮೇಲೆಲ್ಲ ಹೊಳೆಯ ನೀರಿತ್ತು, ಅದರಲ್ಲಿ ನನ್ನದೂ ಸ್ವಲ್ಪ ಸೇರಿದರೆ ಯಾರಿಗೆ ಗೊತ್ತಾಗಬೇಕು.

ಮೇಲೆ ಬಂದ ಮೇಲೆ ತ್ರಿಶಲಾ ಇದನ್ನೇ ಅಪ್ಪನ ಮುಂದೆಯೂ ಹೇಳಿದಳು. ಅವರು ಕೇಳಿಸಿಕೊಂಡರು. "ಹೂಂ" ಎಂದರು. ಆಮೇಲೆ, "ನಡೀರಿ, ಹೊತ್ತ ಮುಳಗೂದರಾಗ ಊಟಾ ಆಗಬೇಕ" ಎಂದರು. ಅಷ್ಟೇ. ನಿಪ್ಪಾಣಿ ಬಂತು, ಚಿಕ್ಕೋಡಿ ಬಂತು, ಅಥಣಿ ಬಂತು, ಇವರು ಬಾಯಿ ಬಿಚ್ಚಲಿಲ್ಲ. ಮನೆಗೆ ಬಂದ ಮೇಲೆ ಅತ್ತೆಯವರಿಗೆ ನಾನೇ ಹೆದರುತ್ತ ಹೇಳಿದೆ. ನಲ್ಲಿಗೆ ಬಟ್ಟೆ ಕಟ್ಟಿ ಗಾಳಿಸದೆ ಒಂದು ಗುಟುಕೂ ಕುಡಿಯದ ಜೀವ ಅದು. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ನೀರ ಬಾಯಾಗ ಹೋಗಲಿಲ್ಲ ಹೌದಿಲ್ಲೊ?" ಗಾಳಿಸದ ಅರ್ಧ ಹೊಳೆ ಕುಡಿದು ಬಂದವಳು ಸುಮ್ಮನೆ ಒಳಗೆ ಹೋಗಿ, ಮಗಳು ನೆನಪಿಗೆಂದು ಕೊಟ್ಟ ಜಾಕೀಟನ್ನು ಒಗೆದು ಹಗ್ಗಕ್ಕೆ ಹಾಕಿದೆ.

ಅದನ್ನು ಹಿಚುಕುತ್ತ ಶಾಂತವ್ವ ನಿಂತಿದ್ದಾಳೆ. ಎಲ್ಲಿ ಮುಳುಗುವವರು, ಟಾಕಿಯಲ್ಲೇ ಎಂದು ಕೇಳಿದ್ದಾಳೆ. ಕಟ್ಟೆಯ ಮೇಲೆ ನಮ್ಮವರು ಕೆಮ್ಮಿದ್ದಾರೆ.

"ಶಾಂತವ್ವ, ಇಲ್ಲೆ ಬಾ, ಕುಂಡ್ರು," ಎಂದರು. ಶುರುವಾಯಿತು ನೋಡಿ. ಬಂಡೆ ಹೇಗಿದ್ದವು, ನೊರೆ ಹೇಗೆ ಹಾರುತ್ತಿತ್ತು, ಶಾಂತವ್ವನ ವೈನಿ ಹೇಗೆ ದೋಣಿಯನ್ನು ಬೇಕೆಂತಲೇ ತಿರುಗಿಸಿ ಬೆನ್ನು ಮುಂದೆ ಮಾಡಿ ಇಳಿದಳು, ಎಲ್ಲವನ್ನೂ ಕೈಯಾಡಿಸಿ ಹೇಳಿದರು. ಕಣ್ಣು ಮುಚ್ಚಿ ನಿಂತವರು ಕಣ್ಣಾರೆ ಕಂಡಂತೆ ಹೇಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ನಗು ತಡೆಯುತ್ತಿದ್ದೆ.

ಶಾಂತವ್ವ ಬಾಯಿ ಮೇಲೆ ಸೆರಗು ಹಿಡಿದು ನಕ್ಕಳು. "ಏನ್ರಿ ಅಣ್ಣಾರ, ಕಡಾಯಿ ಮಾತ ಹೇಳಾಕತ್ತೀರಿ."

ನಮ್ಮವರು ನಗಲಿಲ್ಲ.

"ಹೌದು, ಕಡಾಯಿ ಮಾತಽ. ಇದೇನ ದೊಡ್ಡದಲ್ಲ ಶಾಂತವ್ವ. ಸಣ್ಣಾಕಿದ್ದಾಗ ದೂಧಗಂಗಾ ತುಂಬಿ ಬಂದಾಗ ಈಕಿ ಒಬ್ಬಾಕೀನ ಬೆಲ್ಲದ ಕಡಾಯಿ ನಡಿಸಿ ಅವರಜ್ಜಿನ್ನ, ಎಮ್ಮಿ ಕರಾನ್ನ ಊರ ಮುಟ್ಟಿಸ್ಯಾಳ. ಎಮ್ಮಿ ಹಿಂದ ಈಸಕೋತ ಬರತಿತ್ತು. ಆ ಕರಾ ಹಾಲಂತ ತಿಳಕೊಂಡ, ದಾರಿ ತುಂಬ ಈಕಿ ಹೆರಳ ಚೀಪಕೋತ ಬಂತು."